ಎಂಜಿನ್ನಿನಿಂದ ಮೋಟರಿಗೆ: ವಾಯಿದೆ ಹೇಳಿದವರು ಯಾರು, ಬಾಕಿ ತೀರಿಸುವವರು ಯಾರು?

(ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಮತ್ತು ಸಣ್ಣ ಕೈಗಾರಿಕೆ ನಡೆಸುವವರು ಸೇರಿದ್ದ ಸಭೆಯಲ್ಲಿ ಆಡಿದ ಮಾತುಗಳಿವು. ಕೊನೆಯಲ್ಲಿ ಬಂದ ಪ್ರಶ್ನೆಗಳನ್ನೂ ಸೇರಿಸಿ ಬರಹಕ್ಕೆ ಇಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

‘ಪೆಟ್ರೋಲ್ ಕಾರೋ, ಎಲೆಕ್ಟ್ರಿಕ್ ಕಾರೋ’ ಎಂಬ ವಿಷಯದ ಮೇಲೆ ಮಾತನಾಡಿ ಎಂದು ಕರೆದಿದ್ದೀರಿ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಕಾರು, ಸ್ಕೂಟರ್, ಆಟೊ, ಸಿಟಿ ಬಸ್ಸುಗಳ ಮಟ್ಟಿಗೆ ಎಲೆಕ್ಟ್ರಿಕ್ ಮೋಟರೇ ಮುಂದಿನ ದಾರಿ. ಅದರಲ್ಲಿ ನನಗೆ ಅನುಮಾನ ಉಳಿದಿಲ್ಲ. ನನಗೆ ಅನುಮಾನ ಇರುವುದು ಕಾರು ಕಂಪನಿಗಳು ಹೇಳುವ ವಾಯಿದೆಗಳ ಮೇಲೆ. ಈ ವರ್ಷ ಒಂದು ಮಾತು, ಮೂರು ವರ್ಷಕ್ಕೆ ಇನ್ನೊಂದು ಮಾತು. ಆ ಮಾತು ನಂಬಿ ಮೆಷಿನ್ ಕೊಂಡವರು, ಬ್ಯಾಂಕಿನಲ್ಲಿ ಸಾಲ ಎತ್ತಿದವರು, ಡಿಪ್ಲೊಮಾದಲ್ಲಿ ಯಾವ ಬ್ರ್ಯಾಂಚ್ ಎಂದು ಆರಿಸಿಕೊಂಡವರು ಈ ಸಭೆಯಲ್ಲೇ ಕೂತಿದ್ದೀರಿ. ಹಾಗಾಗಿ ಯಾರು ಗೆಲ್ಲುತ್ತಾರೆ ಎಂಬುದಕ್ಕಿಂತ, ಈ ಬದಲಾವಣೆಯ ಖರ್ಚು ಯಾರ ತಲೆಗೆ ಬೀಳುತ್ತದೆ ಎಂಬುದರ ಬಗ್ಗೆ ಹೆಚ್ಚು ಮಾತನಾಡುತ್ತೇನೆ.

2021ನೇ ಇಸವಿ ವಾಯಿದೆಗಳ ವರ್ಷ. ಆ ಜನವರಿಯಲ್ಲಿ ಜನರಲ್ ಮೋಟಾರ್ಸ್ 2035ರ ಹೊತ್ತಿಗೆ ಹೊಗೆ ಉಗುಳುವ ಕಾರುಗಳನ್ನು ಬಿಡುವ ಆಶಯ ಹೇಳಿತು. ವೋಲ್ವೊ 2030ಕ್ಕೆ ಪೂರ್ತಿ ಎಲೆಕ್ಟ್ರಿಕ್ ಎಂದಿತು. ಮರ್ಸಿಡಿಸ್ ಕೂಡ ದಶಕದ ಕೊನೆಗೆ ಮಾರುಕಟ್ಟೆ ಒಪ್ಪಿದಲ್ಲೆಲ್ಲ ಪೂರ್ತಿ ಎಲೆಕ್ಟ್ರಿಕ್ ಆಗಲು ಸಿದ್ಧ ಎಂದಿತು. ಆಮೇಲೆ ಏನಾಯಿತು? 2024ರ ಫೆಬ್ರುವರಿಯಲ್ಲಿ ಮರ್ಸಿಡಿಸ್ ಹಿಂದೆ ಸರಿಯಿತು. ಅದೇ ಸೆಪ್ಟೆಂಬರಿನಲ್ಲಿ ವೋಲ್ವೊ ತನ್ನ ಗುರಿಯೊಳಗೆ ಎಂಜಿನ್ನೂ, ಹೊರಗಿನಿಂದ ಚಾರ್ಜ್ ಮಾಡುವ ಬ್ಯಾಟರಿಯೂ ಇರುವ ಪ್ಲಗ್-ಇನ್ ಹೈಬ್ರಿಡ್‌ಗಳನ್ನೂ ಸೇರಿಸಿಕೊಂಡಿತು. 2025ರ ಡಿಸೆಂಬರಿನಲ್ಲಿ ಫೋರ್ಡ್ ತನ್ನ ಎಲೆಕ್ಟ್ರಿಕ್ ಪಿಕಪ್ ಎಫ್-150 ಲೈಟ್ನಿಂಗನ್ನು ಈಗಿನ ರೂಪದಲ್ಲಿ ನಿಲ್ಲಿಸಿ, ಎಲೆಕ್ಟ್ರಿಕ್ ಯೋಜನೆಗಳ ಮರುಹೊಂದಾಣಿಕೆಗೆ ಸುಮಾರು 1,950 ಕೋಟಿ ಡಾಲರ್ ಹೊರೆ ಲೆಕ್ಕಕ್ಕೆ ಬರೆದುಕೊಳ್ಳುತ್ತೇನೆ ಎಂದಿತು. 2035ರಿಂದ ಹೊಸ ಪೆಟ್ರೋಲ್, ಡೀಸೆಲ್ ಕಾರು ಬೇಡ ಎಂದು 2023ರಲ್ಲಿ ಕಾನೂನು ಮಾಡಿದ್ದ ಯುರೋಪಿನಲ್ಲೂ, ಅದೇ ಡಿಸೆಂಬರಿನಲ್ಲಿ ಹೊಗೆ ಇಳಿಕೆ ನೂರಕ್ಕೆ ನೂರರ ಬದಲು ತೊಂಬತ್ತು ಸಾಕು ಎಂಬ ಪ್ರಸ್ತಾವ ಬಂತು.

ಇದನ್ನೆಲ್ಲ ಓದಿದವರು ‘ನೋಡಿದ್ರಾ, ಎಲೆಕ್ಟ್ರಿಕ್ ಕಥೆ ಮುಗೀತು’ ಎನ್ನುತ್ತಾರೆ. ಮುಗಿದಿಲ್ಲ. 2024ರಲ್ಲಿ ಜಗತ್ತಿನಲ್ಲಿ ಸುಮಾರು 1.7 ಕೋಟಿ ಎಲೆಕ್ಟ್ರಿಕ್ ಕಾರು ಮಾರಾಟವಾದವು. ಇದರಲ್ಲಿ ಪ್ಲಗ್-ಇನ್ ಹೈಬ್ರಿಡ್ ಕೂಡ ಸೇರಿದೆ, ನಿಜ. ಆದರೂ ಹೊಸ ಕಾರುಗಳಲ್ಲಿ ಐದಕ್ಕೆ ಒಂದು ಆಯಿತು. ಚೀನಾದಲ್ಲಿ ಅರ್ಧದ ಹತ್ತಿರ. ನಾರ್ವೆಯಲ್ಲಿ ಆ ವರ್ಷ ನೂರಕ್ಕೆ 89 ಹೊಸ ಕಾರು ಪೂರ್ತಿ ಬ್ಯಾಟರಿಯವೇ. 2010ರ ಆಸುಪಾಸಿನಲ್ಲಿ ಒಂದು ಕಿಲೋವ್ಯಾಟ್-ಅವರ್, ಅಂದರೆ ಒಂದು ಯೂನಿಟ್ ಕರೆಂಟು ಹಿಡಿಸುವ ಬ್ಯಾಟರಿಗೆ ಸಾವಿರ ಡಾಲರಿಗೂ ಮೇಲಿದ್ದ ಸರಾಸರಿ ಬೆಲೆ 2024ಕ್ಕೆ 115 ಡಾಲರಿಗೆ ಇಳಿದಿದೆ. ಇನ್ನು ಭೌತಶಾಸ್ತ್ರದ ಮಾತು. ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲು ಭಾಗದ ಆಸುಪಾಸು ಮಾತ್ರ ಚಕ್ರಕ್ಕೆ ತಲುಪುತ್ತದೆ, ಉಳಿದದ್ದು ರೇಡಿಯೇಟರಿನಲ್ಲಿ, ಸೈಲೆನ್ಸರಿನಲ್ಲಿ ಬಿಸಿಯಾಗಿ ಹೋಗುತ್ತದೆ. ಮೋಟರಿನಲ್ಲಿ ನೂರಕ್ಕೆ ಎಂಬತ್ತು ಭಾಗಕ್ಕೂ ಹೆಚ್ಚು ಚಕ್ರಕ್ಕೇ ಸಿಗುತ್ತದೆ. ಈ ಅಂತರವನ್ನು ಯಾವ ಜಾಹೀರಾತೂ ಮುಚ್ಚಲಾರದು.

ಹಾಗಿದ್ದರೆ ಕಂಪನಿಗಳು ಯಾಕೆ ಹಿಂಜರಿದವು? ಜರ್ಮನಿಯಲ್ಲಿ ಸರ್ಕಾರ 2023ರ ಡಿಸೆಂಬರಿನಲ್ಲಿ ಸಹಾಯಧನವನ್ನು ಏಕಾಏಕಿ ನಿಲ್ಲಿಸಿತು. ಮರುವರ್ಷ ಅಲ್ಲಿ ಬ್ಯಾಟರಿ ಕಾರುಗಳ ಮಾರಾಟ ಶೇ. 27ರಷ್ಟು ಬಿತ್ತು. ಅಮೆರಿಕದಲ್ಲಿ 7,500 ಡಾಲರಿನ ತೆರಿಗೆ ರಿಯಾಯಿತಿ 2025ರ ಸೆಪ್ಟೆಂಬರಿಗೆ ಮುಗಿಯಿತು. ಇದರ ಮೇಲೆ ಚೀನಾದ ಬೆಲೆಯ ಜತೆ ಪೈಪೋಟಿ. ಅಂದರೆ ಆ ಕಂಪನಿಗಳು ಹೇಳಿದ್ದ ವಾಯಿದೆ ತಮ್ಮ ಕಾರಿನ ಬಲದ ಮೇಲೆ ನಿಂತಿರಲಿಲ್ಲ, ಸರ್ಕಾರದ ಹಣದ ಮೇಲೆ ನಿಂತಿತ್ತು.

ಇಲ್ಲಿ ಒಂದು ಮಾತು ಗಮನಿಸಿ. ಯಾವ ಕಂಪನಿ ಏನು ವಾದ ಮಾಡುತ್ತದೆ ಎಂಬುದು ಬಹುಮಟ್ಟಿಗೆ ಅದರ ಕಾರ್ಖಾನೆಯಲ್ಲಿ ಏನಿದೆ ಎಂಬುದರ ಮೇಲೆ ಹೋಗುತ್ತದೆ. ಚೀನಾದ ಕಾರು ಕಂಪನಿ ಬಿವೈಡಿ 1995ರಲ್ಲಿ ಶೆನ್‌ಜೆನ್‌ನಲ್ಲಿ ಹುಟ್ಟಿದ್ದು ಬ್ಯಾಟರಿ ಕಂಪನಿಯಾಗಿ. ಹಾಗಾಗಿ 2022ರ ಮಾರ್ಚಿನಲ್ಲಿ ಬರೀ ಪೆಟ್ರೋಲಿನಲ್ಲಿ ಓಡುವ ಕಾರುಗಳ ತಯಾರಿಕೆ ನಿಲ್ಲಿಸುವುದು ಅದಕ್ಕೆ ಸಲೀಸಾಯಿತು. ಟೊಯೊಟಾ 1997ರಲ್ಲಿ ಪ್ರಿಯಸ್ ಎಂಬ, ಎಂಜಿನ್ನಿನ ಜತೆ ಮೋಟರೂ ಇರುವ, ಹೊರಗಿನ ಚಾರ್ಜ್ ಬೇಡದ ಕಾರು ತಂದು ಹೈಬ್ರಿಡ್‌ನಲ್ಲಿ ಪಳಗಿದ ಕಂಪನಿ. ಅದರ ಅಧ್ಯಕ್ಷ ಅಕಿಯೊ ಟೊಯೊಡಾ ‘ಎಲ್ಲ ದಾರಿಗಳೂ ಇರಲಿ’ ಎನ್ನುತ್ತಾರೆ. ಅವರ ಕಂಪನಿಯ ಲೆಕ್ಕ ಹೀಗೆ: ದೂರ ಓಡುವ ಒಂದು ಬ್ಯಾಟರಿ ಕಾರಿಗೆ ಬೇಕಾದ ಖನಿಜದಲ್ಲಿ ಆರು ಪ್ಲಗ್-ಇನ್ ಹೈಬ್ರಿಡ್ ಮಾಡಬಹುದು, ಇಲ್ಲವೇ ತೊಂಬತ್ತು ಸಾಮಾನ್ಯ ಹೈಬ್ರಿಡ್ ಮಾಡಬಹುದು.

ಈ ವಾದವನ್ನು ತಳ್ಳಿಹಾಕುವುದು ಸುಲಭ. ಆದರೆ ಅದು ಬಿಡದಿಯ ಕಾರ್ಖಾನೆಯ ಮೂಲಕ ನಮ್ಮ ಮನೆಬಾಗಿಲಿಗೇ ಬಂದಿದೆ. ಅಲ್ಲಿ ತಯಾರಾಗುವ ಇನ್ನೋವಾ ಹೈಕ್ರಾಸ್‌ನ ಹೈಬ್ರಿಡ್ ಮಾದರಿಗೆ ಲೀಟರಿಗೆ 23.24 ಕಿ.ಮೀ. ಮೈಲೇಜ್ ಪ್ರಮಾಣಪತ್ರವಿದೆ, ಅದೇ ಗಾಡಿಯ ಬರೀ ಪೆಟ್ರೋಲ್ ಮಾದರಿಗೆ 16.13. ಹಾಗಾಗಿ ಲೆಕ್ಕ ಹಾಕಿಯೇ ನೋಡೋಣ. ನೋಟ್‌ಬುಕ್ ಇದ್ದವರು ಬರೆದುಕೊಳ್ಳಿ.

ಒಂದು ಲೀಟರ್ ಪೆಟ್ರೋಲ್ ಉರಿದರೆ ಸುಮಾರು 2.3 ಕಿಲೊ ಇಂಗಾಲದ ಡೈಆಕ್ಸೈಡ್. ರಸ್ತೆಯಲ್ಲಿ 14 ಕಿ.ಮೀ. ಕೊಡುವ ಮಧ್ಯಮ ಗಾತ್ರದ ಪೆಟ್ರೋಲ್ ಕಾರು ನೂರು ಕಿ.ಮೀ.ಗೆ ಏಳು ಲೀಟರ್ ಕುಡಿಯುತ್ತದೆ, ಅಂದರೆ 16 ಕಿಲೊ. ಲೀಟರಿಗೆ 20 ಕೊಡುವ ಹೈಬ್ರಿಡ್‌ಗೆ ಐದು ಲೀಟರ್, 11.5 ಕಿಲೊ. ಅದೇ ಗಾತ್ರದ ಎಲೆಕ್ಟ್ರಿಕ್ ಕಾರಿಗೆ ನೂರು ಕಿ.ಮೀ.ಗೆ ಸುಮಾರು 15 ಯೂನಿಟ್ ಕರೆಂಟು. ನಮ್ಮ ದೇಶದ ವಿದ್ಯುತ್ತಿನಲ್ಲಿ ಮುಕ್ಕಾಲು ಭಾಗದ ಹತ್ತಿರ ಕಲ್ಲಿದ್ದಲಿನದು, ಯೂನಿಟ್ಟಿಗೆ ಸರಾಸರಿ 0.7 ಕಿಲೊ ಹಿಡಿಯಿರಿ. ಹತ್ತೂವರೆ ಕಿಲೊ ಆಯಿತು. ತಂತಿಯಲ್ಲಿ ಸೋರುವ ಕರೆಂಟು, ಬ್ಯಾಟರಿ ತಯಾರಿಕೆಯ ಹೊಗೆ ಒಂದು ಕಡೆ. ಪೆಟ್ರೋಲ್ ತೆಗೆದು ಶುದ್ಧೀಕರಿಸಿ ಸಾಗಿಸುವ ಹೊಗೆ ಇನ್ನೊಂದು ಕಡೆ. ಎಲ್ಲ ಸೇರಿಸಿದರೆ, ಇವತ್ತಿನ ಭಾರತದ ಕರೆಂಟಿನಲ್ಲಿ ಒಳ್ಳೆಯ ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರು ಹೆಚ್ಚುಕಡಿಮೆ ಅಕ್ಕಪಕ್ಕ ನಿಲ್ಲುತ್ತವೆ. ಎಲೆಕ್ಟ್ರಿಕ್ ಪರ ಇರುವ ನನ್ನಂಥವರು ಇದನ್ನು ಮುಚ್ಚಿಡಬಾರದು.

ಆದರೆ ‘ಇವತ್ತಿನ’ ಎಂಬ ಮಾತಿನಲ್ಲೇ ಎಲ್ಲ ಇದೆ. ಇಂದು ಕೊಂಡ ಹೈಬ್ರಿಡ್ ಕಾರು ಹದಿನೈದು ವರ್ಷವೂ ಲೀಟರಿಗೆ 2.3 ಕಿಲೊ ಉಗುಳುತ್ತಲೇ ಇರುತ್ತದೆ. ಎಲೆಕ್ಟ್ರಿಕ್ ಕಾರು ಮಾತ್ರ ಗ್ರಿಡ್ ಶುದ್ಧವಾದಂತೆಲ್ಲ ನಿಂತಲ್ಲೇ ತಾನೂ ಶುದ್ಧವಾಗುತ್ತದೆ. ಅದರಲ್ಲೂ ಕರ್ನಾಟಕಕ್ಕೆ ಈ ವಿಷಯದಲ್ಲಿ ಅದೃಷ್ಟವಿದೆ. ಶರಾವತಿಯ ನೀರಿದೆ, ಚಿತ್ರದುರ್ಗ, ಗದಗದ ಗಾಳಿಯಿದೆ, ಪಾವಗಡದ 2,050 ಮೆಗಾವ್ಯಾಟ್ ಸೋಲಾರ್ ಇದೆ. ಮಧ್ಯಾಹ್ನ ಹನ್ನೆರಡಕ್ಕೆ ಕಚೇರಿಯ ಪಾರ್ಕಿಂಗಿನಲ್ಲಿ ಚಾರ್ಜಿಗೆ ಹಾಕಿದ ಕಾರಿಗೂ, ರಾತ್ರಿ ಹನ್ನೊಂದಕ್ಕೆ ಮನೆಯಲ್ಲಿ ಹಾಕಿದ ಕಾರಿಗೂ ಅಜಗಜಾಂತರ. ರಾತ್ರಿಯ ಕರೆಂಟಿನಲ್ಲಿ ರಾಯಚೂರಿನ ಬೂದಿ ಇದೆ. ನಮ್ಮಲ್ಲಿ ಚಾರ್ಜರುಗಳ ಚರ್ಚೆಯೆಲ್ಲ ಹೆದ್ದಾರಿಯ ಬಗ್ಗೆ ನಡೆಯುತ್ತದೆ. ಕಾರ್ಖಾನೆ, ಕಾಲೇಜು, ಸರ್ಕಾರಿ ಕಚೇರಿಗಳ ಅಂಗಳದಲ್ಲಿ ಹಗಲು ಚಾರ್ಜ್ ಮಾಡುವ ಸಾದಾ ಪ್ಲಗ್ ಪಾಯಿಂಟುಗಳು ಅದಕ್ಕಿಂತ ಹೆಚ್ಚು ಕೆಲಸ ಮಾಡುತ್ತವೆ ಎಂದು ನಾನು ಬಲವಾಗಿ ನಂಬಿದ್ದೇನೆ.

ಹಾಗೇ ಎಥೆನಾಲ್ ವಿಷಯ. ‘ಎಂಜಿನ್ ಇರಲಿ, ಇಂಧನ ಬದಲಾಯಿಸೋಣ’ ಎನ್ನುವವರು ಇದ್ದಾರೆ. ಕಬ್ಬಿನ ಜಿಲ್ಲೆಗಳವರಿಗೆ ಇದು ಕಿವಿಗೆ ಇಂಪು. ಒಂದು ಎಕರೆಯಲ್ಲಿ 40 ಟನ್ ಕಬ್ಬು, ಟನ್ನಿಗೆ ರಸದಿಂದ ನೇರವಾಗಿ ಸುಮಾರು 70 ಲೀಟರ್ ಎಥೆನಾಲ್, ಒಟ್ಟು 2,800 ಲೀಟರ್. ಪೆಟ್ರೋಲಿಗಿಂತ ಎಥೆನಾಲಿನಲ್ಲಿ ಶಕ್ತಿ ಮೂರನೇ ಒಂದು ಭಾಗ ಕಡಿಮೆ. ಆದರೂ ಧಾರಾಳವಾಗಿ ಲೀಟರಿಗೆ 12 ಕಿ.ಮೀ. ಎನ್ನೋಣ. ವರ್ಷಕ್ಕೆ ಒಂದು ಎಕರೆ ನಿಮ್ಮ ಕಾರನ್ನು ಸುಮಾರು 33,600 ಕಿ.ಮೀ. ಓಡಿಸುತ್ತದೆ. ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಇದೆ. ಎಕರೆಗೆ ವರ್ಷಕ್ಕೆ ಎರಡು ಲಕ್ಷ ಯೂನಿಟ್ ಎಂದು ಕೈಹಿಡಿದೇ ಲೆಕ್ಕ ಹಾಕಿದರೂ 13 ಲಕ್ಷ ಕಿ.ಮೀ. ಆಯಿತು. ಸುಮಾರು ನಲವತ್ತು ಪಟ್ಟು. ಒಂದು ಕಡೆ ಕಾವೇರಿ ನಾಲೆಯ ನೀರು ಕುಡಿಯುವ ಗದ್ದೆ, ಇನ್ನೊಂದು ಕಡೆ ಮಳೆಯೇ ಬಾರದ ಬಯಲು. ಪಾವಗಡದಲ್ಲಿ ಎಲ್ಲ ಚೆನ್ನಾಗಿದೆ ಎಂದು ನಾನು ಹೇಳುತ್ತಿಲ್ಲ. ಜಮೀನು ಇದ್ದವರಿಗೆ ಗುತ್ತಿಗೆ ಹಣ ಬಂತು, ಕೂಲಿಗೆ ಹೋಗುತ್ತಿದ್ದವರಿಗೆ ಕೆಲಸ ಹೋಯಿತು. ಕಬ್ಬು ಬೆಳೆಗಾರನಿಗೆ ಎಥೆನಾಲಿನಿಂದ ಬಾಕಿ ಹಣ ಬೇಗ ಸಿಗುವುದಾದರೆ ಅದು ಬೇಕಾದದ್ದೇ. ಆದರೆ ಎಲ್ಲ ಕಾರುಗಳನ್ನೂ ಹೊಲದಿಂದ ಓಡಿಸುತ್ತೇವೆ ಎಂಬುದು ಆಗದ ಮಾತು. ಕಾರಿಗೆ ಹೈಡ್ರೋಜನ್ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ. ಟೊಯೊಟಾ ಮಿರಾಯ್ ಬಂದು ಹತ್ತು ವರ್ಷ ದಾಟಿದೆ, ಪಂಪುಗಳು ಬರಲಿಲ್ಲ.

ತೆರಿಗೆಯ ಮಾತೂ ಇಲ್ಲೇ ಹೇಳಿಬಿಡುತ್ತೇನೆ. ಎಲೆಕ್ಟ್ರಿಕ್ ಕಾರಿಗೆ ಜಿಎಸ್‌ಟಿ ಶೇ. 5. ಹೈಕ್ರಾಸ್‌ನಂಥ ದೊಡ್ಡ ಹೈಬ್ರಿಡ್‌ಗೆ ಶೇ. 40, ಬರೀ ಪೆಟ್ರೋಲಿನ ದೊಡ್ಡ ಗಾಡಿಗೂ ಅದೇ 40. ಮೇಲಿನ ಲೆಕ್ಕ ನೋಡಿದರೆ ಇದು ಸರಿಯಲ್ಲ. ಹೈಬ್ರಿಡ್‌ಗೆ ಎಲೆಕ್ಟ್ರಿಕ್‌ನಷ್ಟೇ ರಿಯಾಯಿತಿ ಬೇಡ, ಆದರೆ ಇಂಧನ ಉಳಿಸಿದ್ದಕ್ಕೆ ಬಿಡಿಗಾಸಿನ ಬೆಲೆಯೂ ಇಲ್ಲ ಎಂದಾಗಬಾರದು.

ಈಗ ನನಗೆ ಮುಖ್ಯ ಅನ್ನಿಸುವ ಸಂಗತಿಗೆ ಬರುತ್ತೇನೆ. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಬರುವ ಮುಂಚೆ ಮೈಕೊ ಇತ್ತು. 1951ರಲ್ಲಿ ಶುರುವಾದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಈಗಿನ ಬಾಷ್. ಆಡುಗೋಡಿಯ ಆ ಕಾರ್ಖಾನೆಯಲ್ಲಿ ಡೀಸೆಲ್ ಪಂಪು, ನಾಜಲ್, ಸ್ಪಾರ್ಕ್ ಪ್ಲಗ್ ಮಾಡಿ ಒಂದು ತಲೆಮಾರು ಮನೆ ಕಟ್ಟಿತು, ಮಕ್ಕಳನ್ನು ಓದಿಸಿತು. ಮೈಕೊ ಲೇಔಟ್ ಎಂಬ ಬಡಾವಣೆಯೇ ಇದೆ. ಅದರ ಸುತ್ತ, ಪೀಣ್ಯದಲ್ಲಿ, ರಾಜಾಜಿನಗರದಲ್ಲಿ ಜಾಬ್ ವರ್ಕ್ ಮಾಡುವ ಶೆಡ್ಡುಗಳು ಬೆಳೆದವು.

ಡೀಸೆಲ್ ಇಂಜೆಕ್ಟರಿನ ನಾಜಲ್ ಕೈಯಲ್ಲಿ ಹಿಡಿದು ನೋಡಿದ್ದೀರಾ? ಕಿರುಬೆರಳಿಗಿಂತ ಸಣ್ಣದು. ಒಳಗೊಂದು ಸೂಜಿ. ಸೂಜಿಗೂ ಅದು ಓಡಾಡುವ ತೂತಿಗೂ ನಡುವೆ ಇರುವ ಸಂದು ಎರಡು ಮೂರು ಮೈಕ್ರಾನ್. ತಲೆಗೂದಲನ್ನು ಇಪ್ಪತ್ತು ಮೂವತ್ತು ಸೀಳು ಮಾಡಿದರೆ ಒಂದು ಸೀಳಿನ ದಪ್ಪ. ತುದಿಯಲ್ಲಿ ಡೀಸೆಲ್ ಸಿಂಪಡಿಸುವ ತೂತುಗಳ ವ್ಯಾಸ ಮಿಲಿಮೀಟರಿನ ಹತ್ತನೇ ಒಂದು ಭಾಗದ ಆಸುಪಾಸು. ಇಂದಿನ ಕಾಮನ್ ರೈಲ್ ಎಂಜಿನ್ನಿನಲ್ಲಿ ಆ ತೂತಿನ ಹಿಂದೆ ನಿಂತ ಒತ್ತಡ 2,000 ಬಾರ್‌ವರೆಗೂ ಹೋಗುತ್ತದೆ. ಗ್ರೈಂಡಿಂಗ್ ಮೆಷಿನ್ ಮುಂದೆ ನಿಂತು ಇದನ್ನು ದಿನಕ್ಕೆ ಸಾವಿರಗಟ್ಟಲೆ ಮಾಡುವಾಗ ಕೋಣೆಯ ಉಷ್ಣಾಂಶ ಎರಡು ಡಿಗ್ರಿ ಏರಿದರೂ ಅಳತೆ ತಪ್ಪುತ್ತದೆ. ಸದ್ದು ಕೇಳಿಯೇ ‘ವ್ಹೀಲ್ ಡ್ರೆಸ್ ಮಾಡ್ಬೇಕು’, ಅಂದರೆ ಉಜ್ಜುವ ಚಕ್ರದ ಮೈ ಮತ್ತೆ ಹದ ಮಾಡಬೇಕು, ಎಂದು ಹೇಳುವ ಆಪರೇಟರುಗಳು ನಮ್ಮಲ್ಲಿದ್ದಾರೆ. ಇಂಥ ಕೈಗುಣ ಒಂದು ದೇಶಕ್ಕೆ ಐವತ್ತು ವರ್ಷದಲ್ಲಿ ಬರುತ್ತದೆ. ಎಲೆಕ್ಟ್ರಿಕ್ ಕಾರಿನಲ್ಲಿ ಈ ಭಾಗಕ್ಕೆ ಜಾಗವೇ ಇಲ್ಲ. ಪಿಸ್ಟನ್, ರಿಂಗು, ವಾಲ್ವು, ಕ್ಯಾಮ್ ಶಾಫ್ಟ್, ಕನೆಕ್ಟಿಂಗ್ ರಾಡು, ಕ್ಲಚ್ ಪ್ಲೇಟು, ಸೈಲೆನ್ಸರು, ಯಾವುದಕ್ಕೂ ಇಲ್ಲ.

ಇದು ಒಂದು ಸಲ ಸಣ್ಣ ಪ್ರಮಾಣದಲ್ಲಿ ನಡೆದೂ ಹೋಗಿದೆ. 2013ರ ಆಸುಪಾಸಿನಲ್ಲಿ ದೇಶದಲ್ಲಿ ಮಾರಾಟವಾಗುತ್ತಿದ್ದ ಕಾರುಗಳಲ್ಲಿ ಅರ್ಧದಷ್ಟು ಡೀಸೆಲ್. ಡೀಸೆಲ್ ಬೆಲೆ ಪೆಟ್ರೋಲಿನ ಹತ್ತಿರ ಬಂತು, 2020ರ ಏಪ್ರಿಲ್ 1ರಿಂದ ಹೊಗೆಗೆ ಕಡಿವಾಣ ಹಾಕುವ ಬಿಎಸ್6 ನಿಯಮ ಬಂತು, ಮಾರುತಿ ಡೀಸೆಲನ್ನೇ ಬಿಟ್ಟಿತು. ಈಗ ಐದರಲ್ಲಿ ಒಂದು ಪಾಲೂ ಇಲ್ಲ. ಕಾರು ಕಂಪನಿ ಒಂದು ಲೈನ್ ಮುಚ್ಚಿ ಇನ್ನೊಂದು ತೆರೆಯಿತು. ಆ ಲೈನಿಗೆ ಶಾಫ್ಟೋ ಬುಷ್ಷೋ ಕೊಡುತ್ತಿದ್ದ ಹತ್ತು ಮೆಷಿನ್ನಿನ ಶೆಡ್ಡಿಗೆ ಮುಂಚೆಯೇ ಯಾರೂ ತಿಳಿಸಲಿಲ್ಲ. ಆರ್ಡರ್ ತಿಂಗಳಿಂದ ತಿಂಗಳಿಗೆ ಕಮ್ಮಿಯಾಗುತ್ತಾ ಬಂದಾಗಲೇ ಗೊತ್ತಾದದ್ದು. ಇಎಂಐ ಮಾತ್ರ ಕಮ್ಮಿಯಾಗಲಿಲ್ಲ.

ಯುರೋಪಿನಲ್ಲಿ ಈಗ ಇದೇ ದೊಡ್ಡ ಪ್ರಮಾಣದಲ್ಲಿ ನಡೆಯುತ್ತಿದೆ. 2024ರಲ್ಲಿ ಜ಼ೆಡ್ಎಫ್ ಎಂಬ ಬಿಡಿಭಾಗ ಕಂಪನಿ ಜರ್ಮನಿಯಲ್ಲಿ 14,000ದವರೆಗೂ ಹುದ್ದೆ ಕಡಿತ ಎಂದಿತು. ಆ ಡಿಸೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಮತ್ತು ಕಾರ್ಮಿಕ ಸಂಘ 2030ರೊಳಗೆ 35,000 ಹುದ್ದೆ ಇಳಿಸುವ ಒಪ್ಪಂದಕ್ಕೆ ಬಂದವು. 2025ರ ಸೆಪ್ಟೆಂಬರಿನಲ್ಲಿ ಬಾಷ್ ಇನ್ನೂ 13,000 ಎಂದಿತು. ಮೋಟರು, ಇನ್ವರ್ಟರುಗಳಿಗೆ ಸಾವಿರಾರು ಕೋಟಿ ಸುರಿದವರಿಗೆ ಬೇಡಿಕೆ ಹೇಳಿದ ವೇಗದಲ್ಲಿ ಬರಲಿಲ್ಲ, ಹಳೆಯ ಎಂಜಿನ್ ಕೆಲಸವೂ ಕರಗುತ್ತಿದೆ. ಎರಡೂ ಕಡೆ ಪೆಟ್ಟು. ಸ್ವೀಡನ್ನಿನ ಬ್ಯಾಟರಿ ಕಂಪನಿ ನಾರ್ತ್‌ವೋಲ್ಟ್ 2025ರ ಮಾರ್ಚಿನಲ್ಲಿ ದಿವಾಳಿ ಅರ್ಜಿಯನ್ನೇ ಹಾಕಿತು. ವಾಯಿದೆ ಹೇಳಿ ಮುರಿದ ಕಂಪನಿಯ ಮುಖ್ಯಸ್ಥರಿಗೆ ಷೇರುದಾರರು ಪ್ರಶ್ನೆ ಕೇಳುತ್ತಾರೆ, ಅಷ್ಟೆ. ಜರ್ಮನಿಯ ಕಾರ್ಮಿಕನಿಗೆ ಒಪ್ಪಂದವಿದೆ, ಪರಿಹಾರವಿದೆ, ಮರುತರಬೇತಿಯಿದೆ. ಪೀಣ್ಯದ ಗುತ್ತಿಗೆ ಆಪರೇಟರಿಗೆ ಏನಿದೆ?

ಇದರಿಂದ ‘ಹಾಗಾದ್ರೆ ಎಲೆಕ್ಟ್ರಿಕ್ ಬೇಡ’ ಎಂಬ ತೀರ್ಮಾನಕ್ಕೆ ಬರಬೇಡಿ. ಮುಂಚೆಯೇ ಹೊರಟವರಾಗಿದ್ದೆವು ನಾವು. ಚೇತನ್ ಮೈನಿ ಅವರ ರೇವಾ ಬೆಂಗಳೂರಿನ ರಸ್ತೆಗೆ ಇಳಿದದ್ದು 2001ರಲ್ಲಿ. ಆಗಿನ್ನೂ ಟೆಸ್ಲಾ ಎಂಬ ಕಂಪನಿ ಹುಟ್ಟಿರಲಿಲ್ಲ. ಸೀಸದ ಬ್ಯಾಟರಿ, ಒಂದು ಚಾರ್ಜಿಗೆ ಸುಮಾರು 80 ಕಿ.ಮೀ., ಎರಡು ಬಾಗಿಲಿನ ಪುಟ್ಟ ಕಾರು. ಲಂಡನ್ನಿನಲ್ಲಿ ಜಿ-ವಿಜ್ ಎಂಬ ಹೆಸರಲ್ಲಿ ಓಡಾಡಿತು, ಏಕೆಂದರೆ ಅಲ್ಲಿ ಎಲೆಕ್ಟ್ರಿಕ್ ಕಾರಿಗೆ ಊರೊಳಗೆ ಬರುವ ಶುಲ್ಕ ಮಾಫಿ ಇತ್ತು. ಇಲ್ಲಿ ಅದರ ಕೈಹಿಡಿಯುವ ನೀತಿ ಇರಲಿಲ್ಲ. 2010ರಲ್ಲಿ ಮಹೀಂದ್ರ ಕೊಂಡುಕೊಂಡಿತು. ದೇಶದಲ್ಲೇ ಮೊದಲ ರಾಜ್ಯ ಇವಿ ನೀತಿಯನ್ನು ಕರ್ನಾಟಕ ತಂದದ್ದು 2017ರಲ್ಲಿ, ರೇವಾ ಬಂದು ಹದಿನಾರು ವರ್ಷದ ಮೇಲೆ. ಆ ಹದಿನಾರು ವರ್ಷದಲ್ಲಿ ಬಿವೈಡಿ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ. ನನಗೆ ಇದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಈಗಲೂ ಅಂಥದೇ ಸಂದರ್ಭ ಒಂದಿದೆ. 2025ರ ಏಪ್ರಿಲ್‌ನಲ್ಲಿ ಚೀನಾ ಅಪರೂಪದ ಲೋಹಗಳ ಮತ್ತು ಅವುಗಳಿಂದ ಮಾಡುವ ಅಯಸ್ಕಾಂತಗಳ ರಫ್ತಿಗೆ ಲಗಾಮು ಹಾಕಿತು. ಜಗತ್ತಿನ ಇಂಥ ಅಯಸ್ಕಾಂತದಲ್ಲಿ ಸುಮಾರು ನೂರಕ್ಕೆ ತೊಂಬತ್ತು ಅಲ್ಲೇ ತಯಾರು. ಕೆಲವೇ ವಾರಗಳಲ್ಲಿ ನಮ್ಮ ಸ್ಕೂಟರ್ ಕಂಪನಿಗಳು ತಲೆಮೇಲೆ ಕೈಹೊತ್ತವು. ಆದರೆ ಅಯಸ್ಕಾಂತ ಇಲ್ಲದ ಮೋಟರೂ ಉಂಟು. ಬಿಎಂಡಬ್ಲ್ಯೂ ತನ್ನ ಹಲವು ಕಾರುಗಳಲ್ಲಿ ರೋಟರಿಗೆ ತಾಮ್ರದ ಸುರುಳಿ ಸುತ್ತಿ ಕರೆಂಟು ಕೊಟ್ಟೇ ಅದನ್ನು ಅಯಸ್ಕಾಂತ ಮಾಡುತ್ತದೆ. ಪಂಪ್‌ಸೆಟ್ ಮೋಟರು ರೀವೈಂಡ್ ಮಾಡುವ ಅಂಗಡಿ ಇಲ್ಲದ ತಾಲ್ಲೂಕು ನಮ್ಮಲ್ಲಿ ಯಾವುದಿದೆ? ಅಲ್ಲಿಂದ ಕಾರಿನ ಮೋಟರಿಗೆ ದಾರಿ ದೂರ ಎಂದು ಗೊತ್ತು. ಆದರೆ ಆ ದಾರಿಯಲ್ಲಿ ಸಂಶೋಧನೆಗೆ ಈಗ ಹಣ ಹಾಕದಿದ್ದರೆ ಮತ್ತೆ ಹದಿನಾರು ವರ್ಷ ತಡವಾಗುತ್ತದೆ.

ಇನ್ನು ನೀವು ಚೀಟಿಯಲ್ಲಿ ಬರೆದು ಕಳಿಸಿದ ಪ್ರಶ್ನೆಗಳು.

‘ಸರ್, ಹಾಗಾದ್ರೆ ಮೆಕ್ಯಾನಿಕಲ್ ಓದಿ ಪ್ರಯೋಜನ ಇದೆಯಾ?’ ಇದೆ. ಎಲೆಕ್ಟ್ರಿಕ್ ಕಾರಿನ ಮೋಟರು ಪೆಟ್ರೋಲ್ ಎಂಜಿನ್ನಿಗಿಂತ ಬಹಳ ಜೋರಾಗಿ, ನಿಮಿಷಕ್ಕೆ ಹತ್ತು ಹದಿನೈದು ಸಾವಿರ ಸುತ್ತು ತಿರುಗುತ್ತದೆ. ಅದನ್ನು ಇಳಿಸುವ ಗೇರಿನ ಹಲ್ಲಿನಲ್ಲಿ ಚೂರು ತಪ್ಪಿದರೂ ಶಿಳ್ಳೆ ಸದ್ದು ಬರುತ್ತದೆ, ಮುಚ್ಚಿಹಾಕಲು ಎಂಜಿನ್ ಸದ್ದೂ ಇರುವುದಿಲ್ಲ. ಗ್ರೈಂಡಿಂಗ್ ಚೆನ್ನಾಗಿ ಬಲ್ಲವರಿಗೆ ಅಲ್ಲಿ ಕೆಲಸವಿದೆ. ನಲವತ್ತು ಡಿಗ್ರಿಯ ಕಲಬುರ್ಗಿಯಲ್ಲಿ ಬ್ಯಾಟರಿಯನ್ನು ತಣ್ಣಗಿಡುವುದು ಪೂರ್ತಿ ಮೆಕ್ಯಾನಿಕಲ್ ಸಮಸ್ಯೆ. ಆದರೆ ಪವರ್ ಎಲೆಕ್ಟ್ರಾನಿಕ್ಸ್‌ನ ಒಂದು ಪೇಪರನ್ನಾದರೂ ಗಂಭೀರವಾಗಿ ಓದಿಕೊಳ್ಳಿ.

‘ನಮ್ಮ ಅಪ್ಪಾಜಿದು ಗ್ಯಾರೇಜು. ಹತ್ತು ವರ್ಷದ ಮೇಲೆ ನಡೆಯುತ್ತಾ?’ ಆಯಿಲ್ ಬದಲಾವಣೆ, ಕ್ಲಚ್, ಟ್ಯೂನಿಂಗ್‌ನ ಹಣ ಹೋಗುತ್ತದೆ. ಸಸ್ಪೆನ್ಷನ್, ಟೈರು, ಸ್ಟೀರಿಂಗ್, ಎಸಿ, ಬಾಡಿ ಕೆಲಸ ಉಳಿಯುತ್ತದೆ. ಬಾನೆಟ್ ತೆರೆದರೆ ಕಾಣುವ ಕಿತ್ತಳೆ ಬಣ್ಣದ ಕೇಬಲಿನಲ್ಲಿ ಮುನ್ನೂರು ನಾನೂರು ವೋಲ್ಟ್ ಡಿಸಿ ಇರುತ್ತದೆ. ತರಬೇತಿಯಿಲ್ಲದೆ, ರಬ್ಬರ್ ಕೈಗವಸಿಲ್ಲದೆ ಅದನ್ನು ಮುಟ್ಟಬಾರದೆಂದು ಅಪ್ಪಾಜಿಗೆ ಇವತ್ತೇ ಹೇಳಿ. ಅದಕ್ಕಿಂತ ದೊಡ್ಡ ತೊಡಕು ಸಾಫ್ಟ್‌ವೇರಿನದು. ಕಂಪನಿಯ ಸ್ಕ್ಯಾನರ್ ಇಲ್ಲದೆ ದೋಷ ಏನೆಂದೇ ತಿಳಿಯದ ಗಾಡಿಯನ್ನು ಹೊರಗಿನ ಮೆಕ್ಯಾನಿಕ್ ಹೇಗೆ ರಿಪೇರಿ ಮಾಡಬೇಕು? ಆ ಮಾಹಿತಿಯನ್ನು ನ್ಯಾಯವಾದ ಬೆಲೆಗೆ ಎಲ್ಲರಿಗೂ ಕೊಡಬೇಕು ಎಂದು ಕಾನೂನೇ ಹೇಳಬೇಕು. ಗ್ಯಾರೇಜು ಮಾಲೀಕರ ಸಂಘಗಳು ಇದನ್ನು ಈಗಲೇ ಕೇಳಬೇಕು.

ಕೊನೆಯದು, ಒಬ್ಬ ಕೈಗಾರಿಕೆಯವರು ಬರೆದದ್ದು: ‘ನನ್ನ ವಹಿವಾಟಿನ ಮುಕ್ಕಾಲು ಎಂಜಿನ್ ಭಾಗಗಳದ್ದು. ಈಗಲೇ ಮೆಷಿನ್ ಮಾರಲೇ?’ ಮಾರಬೇಡಿ ಸರ್. ಲಾರಿ, ಟ್ರ್ಯಾಕ್ಟರ್, ಜನರೇಟರುಗಳಲ್ಲಿ ಎಂಜಿನ್ ಇನ್ನೂ ಬಹಳ ವರ್ಷ ಇರುತ್ತದೆ. ಆದರೆ ಕಾರಿನ ಎಂಜಿನ್ನಿಗೆ ಮಾತ್ರ ಆಗುವ ಹೊಸ ಮೆಷಿನ್ನಿಗೆ ಏಳು ವರ್ಷದ ಸಾಲ ಎತ್ತಬೇಡಿ. ನಿಮ್ಮ ದೊಡ್ಡ ಗಿರಾಕಿಯ ಹತ್ತಿರ ‘ಮುಂದಿನ ಐದು ವರ್ಷ ಈ ಭಾಗ ಎಷ್ಟು ಬೇಕು’ ಎಂದು ಬರಹದಲ್ಲಿ ಕೇಳಿ. ಕೊಡದಿದ್ದರೆ ಅದೂ ಒಂದು ಉತ್ತರವೇ. ತುಮಕೂರು ರಸ್ತೆಯಲ್ಲಿ ಕೇಂದ್ರೀಯ ತಯಾರಿಕಾ ತಂತ್ರಜ್ಞಾನ ಸಂಸ್ಥೆ ಸಿಎಂಟಿಐ ಇದೆ, ಜಿಲ್ಲೆಗಳಲ್ಲಿ ಸರ್ಕಾರಿ ಟೂಲ್ ರೂಂ ಮತ್ತು ತರಬೇತಿ ಕೇಂದ್ರಗಳು, ಅಂದರೆ ಜಿಟಿಟಿಸಿಗಳಿವೆ. ಮೋಟರ್ ಶಾಫ್ಟು, ರಿಡ್ಯೂಸರ್ ಗೇರು, ಕೂಲಿಂಗ್ ಪ್ಲೇಟು ಇವುಗಳ ಸ್ಯಾಂಪಲ್ ಮಾಡಿ ಅಳತೆ ಹಾಕಿಸಿಕೊಳ್ಳಲು ಸಣ್ಣ ಘಟಕಗಳಿಗೆ ಅಲ್ಲಿ ಕಡಿಮೆ ದರದಲ್ಲಿ ಅವಕಾಶ ಸಿಗಬೇಕು. ಹೊಸ ಕಾರ್ಖಾನೆ ಕರೆತರಲು ಕೊಡುವ ರಿಯಾಯಿತಿಯಲ್ಲಿ ಒಂದು ಪಾಲನ್ನು, ಇರುವ ಶೆಡ್ಡು ಹೊಸ ಕೆಲಸಕ್ಕೆ ತಿರುಗಿಕೊಳ್ಳಲು ಮೀಸಲಿಡಬೇಕು. ಈ ಎರಡು ಬೇಡಿಕೆಯನ್ನು ನಿಮ್ಮ ಸಂಘದ ಲೆಟರ್‌ಹೆಡ್ಡಿನಲ್ಲಿ ಬರೆದು ಕೈಗಾರಿಕಾ ಇಲಾಖೆಗೆ ಕೊಡುವುದಾದರೆ, ಕರಡು ಬರೆಯಲು ನಾನು ನಿಮ್ಮ ಜತೆ ಕೂರುತ್ತೇನೆ.